ಮಂಜಿನೊಳಗಿಂದ ಬಂದ ಮೂಗು

ಪಾರ್ಕಿಂಗಿಗೆ ಹತ್ತು ಡಾಲರ್ ಕೊಟ್ಟು, ಬಾವುಟಗಳ ಸಾಲು ದಾಟಿ, ಕಟ್ಟೆಯ ಅಂಚಿಗೆ ಹೋಗಿ ನಿಂತೆವು. ಎದುರಿಗೆ ಬರೀ ಬಿಳಿ. ಮುಖಗಳಿರಲಿ, ಬೆಟ್ಟವೇ ಇಲ್ಲ. ಅಮೆರಿಕದ ನಾಲ್ಕು ಅಧ್ಯಕ್ಷರ ಮುಖ ಕೆತ್ತಿರುವ ಬೆಟ್ಟ, ಮೌಂಟ್ ರಶ್ಮೋರ್, ಪೂರ್ತಿ ಮಂಜಿನಲ್ಲಿ ಮುಳುಗಿಹೋಗಿತ್ತು.

"ಇಲ್ಲೇನಾ ಕಣೇ?" ಅಂದರು ಅಪ್ಪ.

ಮಿನಿಯಾಪೊಲಿಸ್‌ನಿಂದ ಹಿಂದಿನ ದಿನ ಒಂಬತ್ತು ಗಂಟೆಯ ದಾರಿ. ಸೌತ್ ಡಕೋಟಾದಲ್ಲಿ ಹುಲ್ಲು, ಹುಲ್ಲು, ಮತ್ತೆ ಹುಲ್ಲು. ನಡುನಡುವೆ ಐದು ಸೆಂಟಿಗೆ ಕಾಫಿ ಅನ್ನುವ ಬೋರ್ಡುಗಳು. ಅಪ್ಪ ಚನ್ನರಾಯಪಟ್ಟಣದ ಕಡೆಯವರು. ಶ್ರವಣಬೆಳಗೊಳದ ಗೊಮ್ಮಟನನ್ನು ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಅವರನ್ನು ಇಲ್ಲಿಗೆ ಹೊರಡಿಸಲು ನಾನು ಬಿಟ್ಟ ಬಾಣ ಒಂದೇ: "ಅಪ್ಪ, ಇಲ್ಲಿ ಒಂದೊಂದು ಮುಖವೇ ಅರವತ್ತು ಅಡಿ. ನಮ್ಮ ಗೊಮ್ಮಟ ಅಡಿಯಿಂದ ಮುಡಿವರೆಗೂ ಐವತ್ತೆಂಟು." ಅವರು ನಂಬಿರಲಿಲ್ಲ. ಈಗ ತೋರಿಸೋಣ ಅಂದರೆ ಮುಖಗಳೇ ನಾಪತ್ತೆ.

ಚಳಿಗೆ ಶಿಲ್ಪಿಯ ಸ್ಟುಡಿಯೊ ಒಳಗೆ ಹೊಕ್ಕೆವು. ಆಗಿದ್ದೇ ಒಳ್ಳೆಯದಾಯಿತು. ಗಟ್ಜನ್ ಬೋರ್ಗ್ಲಮ್ ಕೆಲಸಕ್ಕೆ ಬಳಸಿದ ಮಾದರಿ ಅಲ್ಲಿದೆ. ಅದರಲ್ಲಿ ಒಂದು ಇಂಚು ಅಂದರೆ ಬೆಟ್ಟದಲ್ಲಿ ಒಂದು ಅಡಿ. ಕೆಲಸ ಶುರುವಾಗಿದ್ದು 1927ರಲ್ಲಿ, ನಿಂತಿದ್ದು 1941ರಲ್ಲಿ. ಸುಮಾರು ನಾನೂರು ಜನ ದುಡಿದಿದ್ದಾರೆ. ದಿನಾ ಬೆಳಿಗ್ಗೆ ಏಳುನೂರು ಮೆಟ್ಟಿಲು ಹತ್ತಿ, ಉಕ್ಕಿನ ತಂತಿಗೆ ಕಟ್ಟಿದ ಕುರ್ಚಿಯಲ್ಲಿ ಜೋತುಬಿದ್ದು ಕಲ್ಲು ಕೊರೆಯಬೇಕಿತ್ತು. ನೂರಕ್ಕೆ ತೊಂಬತ್ತು ಭಾಗ ಕಲ್ಲು ತೆಗೆದಿದ್ದು ಉಳಿಯಿಂದಲ್ಲ, ಡೈನಮೈಟಿನಿಂದ. ಕೊನೆಯ ಕೆಲವು ಇಂಚು ಉಳಿದಾಗ ಜೇನುಹುಟ್ಟಿನ ಹಾಗೆ ಒತ್ತೊತ್ತಾಗಿ ತೂತು ಕೊರೆದು, ಉಳಿದದ್ದನ್ನು ಕೈಯಿಂದ ಉದುರಿಸುತ್ತಿದ್ದರು.

ಮದ್ದಿನ ಮಾತು ಬಂದಿದ್ದೇ ತಡ ಅಪ್ಪನ ಕಿವಿ ನೆಟ್ಟಗಾಯಿತು. ನಾನು ಚಿಕ್ಕವಳಿದ್ದಾಗ ನಮ್ಮ ತೋಟದ ಬಾವಿಯಲ್ಲಿ ಬಂಡೆ ಸಿಕ್ಕಿ, ಕುಳಿ ಹೊಡೆದು ಮದ್ದು ಇಟ್ಟಿದ್ದರು. ಒಂದು ಚೂರು ಹಾರಿ ಬಂದು ಕೊಟ್ಟಿಗೆಯ ಹೆಂಚು ಒಡೆದಿತ್ತು.

"ಇಷ್ಟು ಮದ್ದು ಸಿಡಿಸಿ ಒಬ್ಬರೂ ಸಾಯಲಿಲ್ವಾ?"

ಕೆಲಸ ಮಾಡುವಾಗ ಯಾರೂ ಸಾಯಲಿಲ್ಲ ಅಂತ ಅಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಆ ಧೂಳು ಕುಡಿದು ಆಮೇಲೆ ಶ್ವಾಸಕೋಶ ಕೆಡಿಸಿಕೊಂಡವರ ಮಾತು ಬೇರೆ. ಅಪ್ಪನಿಗೆ ಹಿಡಿಸಿದ್ದು ಮಾತ್ರ ಜೆಫರ್‌ಸನ್ ಕತೆ. ಮೊದಲು ಅವನನ್ನು ವಾಷಿಂಗ್ಟನ್ನನ ಆ ಕಡೆ ಕೆತ್ತುತ್ತಿದ್ದರಂತೆ. ಒಂದೂವರೆ ವರ್ಷ ಆದಮೇಲೆ ಕಲ್ಲಿನ ಬಿರುಕು ಕೈಕೊಟ್ಟಿತು. ಇಡೀ ಮುಖವನ್ನು ಮದ್ದಿಟ್ಟು ಹಾರಿಸಿ, ಈ ಕಡೆ ಹೊಸದಾಗಿ ಶುರು ಮಾಡಿದರು. "ಕಲ್ಲಿನ ಎಳೆ ನೋಡದೆ ಕೈ ಹಾಕಿದರೆ ಹಂಗೇ" ಅಂದರು ಅಪ್ಪ, ತಾವೇ ಮೇಸ್ತ್ರಿ ಆಗಿದ್ದ ಹಾಗೆ.

ಹೊರಗೆ ಬಂದು ಐಸ್‌ಕ್ರೀಂ ತಿಂದೆವು. ಆ ಚಳಿಯಲ್ಲಿ! ಮಗ ಹಟ ಮಾಡಿದ್ದ. ಅಷ್ಟರಲ್ಲಿ ಯಾರೋ "ಓ" ಅಂದರು. ಮಂಜಿನಲ್ಲೊಂದು ಕಂಡಿ ಬಿದ್ದಿತ್ತು. ಅದರಲ್ಲಿ ಒಂದು ಮೂಗು ಮಾತ್ರ. ಕಣ್ಣಿಲ್ಲ, ಬಾಯಿಲ್ಲ, ಒದ್ದೆ ಕಲ್ಲಿನ ದೊಡ್ಡ ಮೂಗು. ಎರಡು ನಿಮಿಷ ಇತ್ತು, ಮತ್ತೆ ಮುಚ್ಚಿಹೋಯಿತು. ಅರ್ಧ ಗಂಟೆ ಕಳೆದು ನಾಲ್ಕೂ ಜನ ಕಂಡಾಗ, ನಿಜ ಹೇಳುತ್ತೇನೆ, ಆ ಮೂಗಿನಷ್ಟು ದೊಡ್ಡವರಾಗಿ ಕಾಣಲಿಲ್ಲ. ಅಪ್ಪನೂ "ಗೊಮ್ಮಟನ ಕಾಲ ಬುಡದಲ್ಲಿ ನಿಲ್ಲಬಹುದು, ಇಲ್ಲಿ ದೂರದಿಂದ ನೋಡಬೇಕು" ಅಂದರು. ಅದೂ ಸರಿ ಅನ್ನಿಸಿತು.

ಮಧ್ಯಾಹ್ನ ಕ್ರೇಜಿ ಹಾರ್ಸ್ ಸ್ಮಾರಕಕ್ಕೆ ಹೊರಟೆವು. ಅಲ್ಲಿ ಕ್ರೇಜಿ ಹಾರ್ಸ್ ಅನ್ನುವ ಲಕೋಟಾ ವೀರನನ್ನು ಕುದುರೆಯ ಮೇಲೆ ಕೂತ ಹಾಗೆ ಬೆಟ್ಟದಲ್ಲಿ ಕೆತ್ತುತ್ತಿದ್ದಾರೆ. ಅರ್ಧ ಗಂಟೆಯ ದಾರಿ. ಎರಡೂ ಇರುವ ಈ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳು ಇಲ್ಲಿಯ ಮೂಲನಿವಾಸಿಗಳಾದ ಲಕೋಟಾ ಜನರದ್ದು. 1868ರ ಒಪ್ಪಂದದಲ್ಲಿ ಸರ್ಕಾರವೇ ಹಾಗೆಂದು ಬರೆದುಕೊಟ್ಟಿತ್ತು. 1874ರಲ್ಲಿ ಚಿನ್ನ ಸಿಕ್ಕಿತು. 1877ರಲ್ಲಿ ಬೆಟ್ಟಗಳು ಸರ್ಕಾರದ ಪಾಲಾದವು. ಕಾರಿನಲ್ಲಿ ಇದನ್ನೆಲ್ಲ ಹೇಳುತ್ತಾ ಹೋದೆ. 1980ರಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪು ಅಂತ ಒಪ್ಪಿ ಹತ್ತು ಕೋಟಿ ಡಾಲರಿಗೂ ಜಾಸ್ತಿ ಪರಿಹಾರ ಕೊಡಿಸಿತು. ಅವರು ಇವತ್ತಿಗೂ ಅದನ್ನು ಮುಟ್ಟಿಲ್ಲ. ಬಡ್ಡಿ ಬೆಳೆದು ನೂರು ಕೋಟಿ ಡಾಲರ್ ದಾಟಿದೆ.

ಗಂಡ "ಬಡವರು, ತಗೋಬಹುದಿತ್ತು" ಅಂದ.

"ತಗೊಂಡರೆ ಕ್ರಯಪತ್ರ ಬರೆದುಕೊಟ್ಟ ಹಾಗಾಯ್ತಲ್ಲಪ್ಪ" ಅಂದರು ಅಪ್ಪ. ಹೇಮಾವತಿ ನಾಲೆಗೆ ನಮ್ಮ ದೊಡ್ಡಪ್ಪನ ಎರಡು ಎಕರೆ ಹೋಗಿತ್ತು. ಪರಿಹಾರದ ಚೆಕ್ಕು ಮನೆಗೆ ಬಂದ ದಿನ ದೊಡ್ಡಪ್ಪ ಊಟ ಮಾಡಿರಲಿಲ್ಲವಂತೆ. ಇದನ್ನು ಅಪ್ಪ ನನಗೆ ಮೊದಲ ಸಲ ಹೇಳಿದ್ದು ಆ ಕಾರಿನಲ್ಲಿ.

ಕ್ರೇಜಿ ಹಾರ್ಸ್ ಇನ್ನೂ ಮುಗಿದಿಲ್ಲ. ನಮಗೂ ಒಬ್ಬ ದೊಡ್ಡ ವೀರನಿದ್ದಾನೆ ಎಂದು ತೋರಿಸಬೇಕು ಅಂತ ಲಕೋಟಾ ಮುಖಂಡ ಹೆನ್ರಿ ಸ್ಟ್ಯಾಂಡಿಂಗ್ ಬೇರ್ ಕರೆಸಿದ ಶಿಲ್ಪಿ ಕೊರ್ಚಾಕ್ ಜಿಯೋಲ್ಕೋವ್ಸ್ಕಿ 1948ರಲ್ಲಿ ಶುರು ಮಾಡಿದ. ಸರ್ಕಾರದ ದುಡ್ಡು ಬೇಡವೆಂದ. 1982ರಲ್ಲಿ ತೀರಿಕೊಂಡ. ಆಮೇಲೆ ಹೆಂಡತಿ ಮಕ್ಕಳು ಮುಂದುವರಿಸಿದರು. ಎಂಬತ್ತೇಳೂವರೆ ಅಡಿಯ ಮುಖ ಮುಗಿದಿದ್ದು 1998ರಲ್ಲಿ. ಕುದುರೆ ಇನ್ನೂ ಬಂಡೆಯೊಳಗೇ ಇದೆ. ಆ ವೀರನ ಫೋಟೋ ಅಂತ ಎಲ್ಲರೂ ಒಪ್ಪುವಂಥದ್ದು ಒಂದೂ ಇಲ್ಲ, ಹಾಗಾಗಿ ಮುಖವೂ ಊಹೆಯದ್ದೇ. ಪವಿತ್ರ ಬೆಟ್ಟವನ್ನು ಯಾರ ಹೆಸರಲ್ಲಾದರೂ ಒಡೆಯುವುದೇಕೆ ಅಂತ ಬೇಸರಪಡುವ ಲಕೋಟಾ ಜನರೂ ಇದ್ದಾರೆ.

ಅಲ್ಲೊಂದು ಕಡೆ ಸಿಡಿಸಿದ ಕಲ್ಲಿನ ಚೂರುಗಳನ್ನು ಇಟ್ಟಿದ್ದರು. ಕೈಲಾದಷ್ಟು ಕಾಣಿಕೆ ಹಾಕಿ ಒಂದು ತಗೊಂಡು ಹೋಗಬಹುದು. ಅಪ್ಪ ಒಂದು ಡಾಲರ್ ಹಾಕಿ, ಹುಣಸೆ ಉಂಡೆಯಷ್ಟು ಗಾತ್ರದ್ದನ್ನು ಆರಿಸಿಕೊಂಡರು. ಪಂಚೆ ಇದ್ದಿದ್ದರೆ ಅದರಲ್ಲೇ ಒರೆಸುತ್ತಿದ್ದರು, ಜಾಕೆಟ್ಟಿನಲ್ಲಿ ಒರೆಸಿದರು. ಬಿಸಿಲಿಗೆ ಹಿಡಿದಾಗ ಮಿರಮಿರ ಅಂದಿತು.

"ತಾತ, ಚಿನ್ನಾನಾ?"

"ಅಲ್ಲ ಕಣೋ, ಕಾಗೆಬಂಗಾರ."

ಈಗ ಅದು ಊರಿನ ಮನೆಯಲ್ಲಿ, ಟಿವಿ ಪಕ್ಕ, ಕರೆಂಟ್ ಬಿಲ್ಲುಗಳ ಮೇಲೆ ಕೂತಿದೆ. ಬಂದವರಿಗೆಲ್ಲ ಅಪ್ಪ ಆ ಮೂಗಿನ ಕತೆ ಹೇಳುತ್ತಾರಂತೆ.