ಮರ್ಯಾದೆಯ ಹೆಸರಿನಲ್ಲಿ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ, ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಕಿರುಶಿಲ್ಪಗಳಿರುವ ಕಂಬವೊಂದಿದೆ. ಎರಡನೆಯ ಬಲ್ಲಾಳನಿಗೆ ಕೊಟ್ಟ ಮಾತಿನಂತೆ ಪ್ರಾಣಬಿಟ್ಟ ದಂಡನಾಯಕ ಕುವರ ಲಕ್ಷ್ಮನ ಸ್ಮಾರಕವದು. ಅಂಥ ಸಾವನ್ನು ನಾನು ಮೆಚ್ಚಲಾರೆ, ಆದರೂ ಅಲ್ಲಿ ಮಾನವೆಂಬುದು ಆಡಿದ ಮಾತಿಗೆ ತಾನೇ ತೆರುವ ಬೆಲೆಯಾಗಿತ್ತು. ಇಂದು ನಮ್ಮ ಹಾಸನದ ಕಡೆ ‘ಮನೆತನದ ಮರ್ಯಾದೆ ಹೋಯಿತು’ ಎಂಬ ಮಾತು ಗಟ್ಟಿಯಾಗಿ ಕೇಳಿಬರುವುದು ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿದಾಗ. ಅದೇ ಮನೆಯವರು ತೋಟದ ಆಳುಗಳ ಕೂಲಿ ಉಳಿಸಿಕೊಂಡಾಗ ಯಾರೂ ಹಾಗೆನ್ನುವುದಿಲ್ಲ. ಮರ್ಯಾದೆಯ ಹೆಸರಿನ ಕೊಲೆಗಳಲ್ಲಿ ಮರ್ಯಾದೆಯೇನೂ ಇಲ್ಲ, ಅವು ಬರ್ಬರವೂ ನಾಚಿಕೆಗೇಡೂ ಆದ ಕೃತ್ಯಗಳೆಂದು ಸುಪ್ರೀಂ ಕೋರ್ಟ್ 2006ರಲ್ಲಿಯೇ ಲತಾ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಕನ್ನಡದ ಕೆಲವು ಪತ್ರಿಕೆಗಳು ಈಗ ‘ಮರ್ಯಾದೆಗೇಡು ಹತ್ಯೆ’ ಎಂದು ಬರೆಯುತ್ತಿರುವುದನ್ನು ಕಂಡಾಗ ನನಗೆ ನಿಜಕ್ಕೂ ಸಮಾಧಾನವಾಗುತ್ತದೆ.