ಕಾರಿನ ಕೀಲಿ ಕೊಟ್ಟ ಮೇಲೆ

ನನ್ನ ಆಲ್ಟೊ ಕಾರಿನ ಕೀಲಿಯನ್ನು ತಮ್ಮನ ಕೈಗಿಟ್ಟು ಮೂರು ವರ್ಷವಾಯಿತು. ಗ್ಲಾಕೋಮಾ ಎರಡೂ ಕಣ್ಣುಗಳ ಅಂಚನ್ನು ತಿಂದುಹಾಕಿದೆ. ಎದುರಿನದು ಕಾಣುತ್ತದೆ, ಪಕ್ಕದಿಂದ ನುಗ್ಗುವ ಸ್ಕೂಟರ್ ಕಾಣುವುದಿಲ್ಲ. ಇಪ್ಪತ್ತು ವರ್ಷ ಮೈಸೂರಿನಲ್ಲಿ ಶಾಲೆಗೆ, ಮಾರುಕಟ್ಟೆಗೆ, ಅಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ನಾನೇ ಓಡಿಸಿಕೊಂಡು ಹೋದವಳು.

ಕಳೆದ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಗ, ಚಾಲಕನಿಲ್ಲದೆ ಓಡುವ ಗೂಗಲ್ ಬಳಗದ ವೇಮೊ ಟ್ಯಾಕ್ಸಿ ಕರೆಸಿದಾಗ ಹಟ ಹಿಡಿದು ಮುಂದಿನ ಸೀಟಿನಲ್ಲಿ ಕುಳಿತೆ. ಬಿಳಿಯ ಜಾಗ್ವಾರ್. ಪಕ್ಕದ ಸೀಟು ಖಾಲಿ, ಸ್ಟೀರಿಂಗ್ ತಾನಾಗಿ ತಿರುಗುತ್ತಿತ್ತು. ಒಂದು ತಿರುವಿನಲ್ಲಿ ಕಾರು ನಿಂತುಬಿಟ್ಟಿತು. ಏಕೆಂದು ನನಗೆ ತಿಳಿಯಲಿಲ್ಲ. ಎರಡು ಕ್ಷಣ ಕಳೆದ ಮೇಲೆ, ನಾಯಿ ಹಿಡಿದ ಹುಡುಗಿಯೊಬ್ಬಳು ಬಲಗಡೆಯಿಂದ ನನ್ನ ಕಣ್ಣಿಗೆ ಬಿದ್ದಳು. ನಾನು ಓಡಿಸುತ್ತಿದ್ದಿದ್ದರೆ ಏನಾಗುತ್ತಿತ್ತೆಂದು ಮಗನಿಗೆ ಹೇಳಲಿಲ್ಲ. ಅವನಿಗೂ ಗೊತ್ತಿತ್ತು.

"ಇಂಥ ಕಾರಿಗೆ ಎಷ್ಟಾಗುತ್ತದೆ?" ಎಂದು ಕೇಳಿದೆ.

"ಇದನ್ನು ಯಾರಿಗೂ ಮಾರುವುದಿಲ್ಲ ಅಮ್ಮ. ಬಾಡಿಗೆಗೆ ಮಾತ್ರ."

ಆ ಜಾಗ್ವಾರ್ ಮೇಲೆ 29 ಕ್ಯಾಮೆರಾ, 5 ಲೈಡಾರ್, 6 ರೇಡಾರ್ ಇವೆಯಂತೆ. ಲೇಸರ್ ಬೆಳಕು ಚೆಲ್ಲಿ ದೂರ ಅಳೆಯುವುದು ಲೈಡಾರ್. ಗೂಗಲ್‌ನ ಮೊದಮೊದಲ ಕಾರುಗಳ ನೆತ್ತಿಯ ಮೇಲೆ ಗಿರಗಿರನೆ ಸುತ್ತುತ್ತಿದ್ದ ಒಂದಕ್ಕೇ ಸುಮಾರು 75,000 ಡಾಲರ್ ಇತ್ತು. ಈಗ ಚೀನಾದ ಸಣ್ಣ ಲೈಡಾರ್‌ಗಳ ಬೆಲೆ 200 ಡಾಲರಿನ ಆಸುಪಾಸಿಗೆ ಇಳಿದಿದೆ. ಆದರೆ ಖರ್ಚು ಅಷ್ಟಕ್ಕೇ ಮುಗಿಯುವುದಿಲ್ಲ. ಬೀದಿಬೀದಿಯ ನಕ್ಷೆ ಬರೆಯಬೇಕು, ಕಾರು ದಿಕ್ಕುತೋಚದೆ ನಿಂತಾಗ ದೂರದಿಂದ ನೆರವಾಗುವ ಜನ ಬೇಕು. ಜನರಲ್ ಮೋಟರ್ಸ್ ಚಾಲಕನಿಲ್ಲದ ಕಾರು ಮಾಡುತ್ತಿದ್ದ ತನ್ನ ಕ್ರೂಸ್ ಸಂಸ್ಥೆಗೆ 1,000 ಕೋಟಿ ಡಾಲರಿಗೂ ಹೆಚ್ಚು ಸುರಿದು, 2024ರ ಡಿಸೆಂಬರ್‌ನಲ್ಲಿ ರೋಬೊ ಟ್ಯಾಕ್ಸಿಯನ್ನೇ ಕೈಬಿಟ್ಟಿತು.

ಇನ್ನು ಸ್ವಂತ ಕಾರಿಗೆ ಸಿಗುವುದು, ಕಾರನ್ನು ತಾನೇ ಓಡಿಸುವ ಟೆಸ್ಲಾದ ವ್ಯವಸ್ಥೆ. 2024ರಲ್ಲಿ ಅಮೆರಿಕದಲ್ಲಿ ಅದರ ಬೆಲೆ, ಕಾರಿನ ಬೆಲೆಯ ಮೇಲೆ, 8,000 ಡಾಲರ್ ಇತ್ತು. ತಿಂಗಳ ಲೆಕ್ಕದಲ್ಲಾದರೆ 99. ಆದರೆ ಚಾಲಕ ರಸ್ತೆಯಿಂದ ಕಣ್ಣು ಕೀಳುವಂತಿಲ್ಲ. ಕಣ್ಣು ಕೇಳದ ಕಾರು ಮಾರಾಟಕ್ಕಿಲ್ಲ, ಮಾರಾಟಕ್ಕಿರುವ ಕಾರು ಕಣ್ಣು ಕೇಳುತ್ತದೆ. ತಾನೇ ಓಡುವ ಕಾರುಗಳಿಗೆ ಬೇಡಿಕೆಯೇ ಇಲ್ಲ ಎಂಬ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ನನ್ನ ಕಣ್ಣಿನ ಡಾಕ್ಟರ ಬಳಿ ಸರದಿಗಾಗಿ ಕಾಯುವವರನ್ನು ಒಮ್ಮೆ ಕೇಳಿ ನೋಡಲಿ.

ಊರಿಗೆ ಬಂದ ಮೇಲೂ ಆಸೆ ಬಿಡಲಿಲ್ಲ. ತಮ್ಮನ ಜೊತೆ ಷೋರೂಮ್ ಒಂದಕ್ಕೆ ಹೋದೆ. ಓಡಿಸುವವರಿಗೆ ನೆರವಾಗುವ ಅಡಾಸ್ ಎಂಬ ಸೌಲಭ್ಯ ಈಗ ನಮ್ಮಲ್ಲೂ ಬಂದಿದೆ. ಹೊಸ ಹೊಂಡಾ ಅಮೇಜ್ ಬಿಡುಗಡೆಯಾದಾಗ ಷೋರೂಮ್ ಬೆಲೆ 10 ಲಕ್ಷ ಮುಟ್ಟುವ ಮೊದಲೇ ಅದು ಸಿಗುತ್ತಿತ್ತು. ಅಲ್ಲಿದ್ದ ಹುಡುಗ ಸಂಭ್ರಮದಿಂದ ವಿವರಿಸಿದ: "ತಾನೇ ಬ್ರೇಕ್ ಹಾಕುತ್ತದೆ ಮೇಡಂ, ಲೇನ್ ಬಿಟ್ಟು ಹೋಗದಂತೆ ಹಿಡಿದುಕೊಳ್ಳುತ್ತದೆ."

"ನಾನು ರಸ್ತೆ ನೋಡದಿದ್ದರೆ?"

ಹುಡುಗ ತಮ್ಮನ ಮುಖ ನೋಡಿದ. "ನೋಡುತ್ತಲೇ ಇರಬೇಕು ಮೇಡಂ."

ಹೊರಗೆ ಬಂದು ಆಟೊ ಹಿಡಿದೆವು.