ಎಂಟನೆಯ ದಿನ ಏನಾಗುತ್ತದೆ? ಒಂದು ವಾರದ ಅರೆಹೊಟ್ಟೆ ಡಯಟ್‌ನ ಲೆಕ್ಕ

ಏಪ್ರಿಲ್ ಬಂತೆಂದರೆ ರಾಯಚೂರಿನಲ್ಲಿ 42 ಡಿಗ್ರಿ ಬಿಸಿಲೂ ಮದುವೆಗಳೂ ಜೊತೆಗೇ ಶುರುವಾಗುತ್ತವೆ. ಮದುವೆಗೆ ಹತ್ತು ದಿನ ಇದೆ ಎನ್ನುವಾಗ ಒಂದು ವಾರ ಹೊಟ್ಟೆ ಕಟ್ಟುವವರು ಬಹಳ ಮಂದಿ. ಬೆಳಿಗ್ಗೆ ನಿಂಬೆಹಣ್ಣಿನ ನೀರು, ಮಧ್ಯಾಹ್ನ ಸೌತೆಕಾಯಿ, ಒಂದು ಲೋಟ ಮಜ್ಜಿಗೆ, ರಾತ್ರಿ ಅರ್ಧ ಪಪ್ಪಾಯಿ, ನಡುವೆ ಹಸಿವು ತಡೆಯದಿದ್ದರೆ ಎರಡು ಬಿಸ್ಕತ್ತು. ಎಲ್ಲ ಕೂಡಿದರೂ ದಿನಕ್ಕೆ 500-600 ಕ್ಯಾಲೊರಿ ದಾಟುವುದಿಲ್ಲ. "ಮೊದ್ಲು ಒಂದು ವಾರ ಜೋರ್ ಇಳಿಸಿಬಿಡಾಣ, ಆಮ್ಯಾಲೆ ಸಾವಕಾಶ ಮಾಡಿದ್ರಾತು" ಎನ್ನುವುದು ಇದರ ಹಿಂದಿನ ವಿಚಾರ. ತೂಕದ ಮಷಿನ್ ಕೂಡ ಅವರ ಮಾತಿಗೆ ತಲೆಯಾಡಿಸುತ್ತದೆ. ಏಳು ದಿನಕ್ಕೆ ಮೂರು, ಮೂರೂವರೆ ಕೆಜಿ ಇಳಿದಿರುತ್ತದೆ. ಆ ಮೂರೂವರೆ ಕೆಜಿಯಲ್ಲಿ ಏನೇನಿದೆ ಎಂದು ಬಿಡಿಸಿ ನೋಡಿದರೆ ಮುಂದಿನದೆಲ್ಲ ತಿಳಿಯುತ್ತದೆ.

ದಿನಕ್ಕೆ 800 ಕ್ಯಾಲೊರಿಗಿಂತ ಕಡಿಮೆ ಇರುವ ಊಟವನ್ನು ವೈದ್ಯರು ಅತಿ ಕಡಿಮೆ ಕ್ಯಾಲೊರಿ ಡಯಟ್ ಎನ್ನುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಪಟ್ಟಿಯಲ್ಲಿ, ಹೆಚ್ಚು ಓಡಾಟವಿಲ್ಲದ 55 ಕೆಜಿಯ ಹೆಂಗಸಿಗೆ ದಿನಕ್ಕೆ 1660 ಕ್ಯಾಲೊರಿ, 65 ಕೆಜಿಯ ಗಂಡಸಿಗೆ 2110 ಎಂದಿದೆ. ಅಂದರೆ ಬೇಕಾದದ್ದರ ಮೂರನೇ ಒಂದು ಪಾಲಿನಲ್ಲಿ ದಿನ ದೂಡುವುದು.

75 ಕೆಜಿ ತೂಕದ, ಮನೆಗೆಲಸ ಮತ್ತು ಸ್ವಲ್ಪ ಓಡಾಟ ಇರುವ ಒಬ್ಬ ಹೆಂಗಸಿನ ಲೆಕ್ಕ ಹಾಕೋಣ. ದಿನದ ಖರ್ಚು ಸುಮಾರು 1900 ಕ್ಯಾಲೊರಿ, ತಿನ್ನುವುದು 600. ಕೊರತೆ 1300. ಏಳು ದಿನಕ್ಕೆ 9100. ಒಂದು ಕೆಜಿ ಕೊಬ್ಬು ಕರಗಲು ಸುಮಾರು 7700 ಕ್ಯಾಲೊರಿ ಕೊರತೆ ಬೇಕು. ಕೊರತೆಯೆಲ್ಲ ಕೊಬ್ಬಿನಿಂದಲೇ ತುಂಬಿತು ಎಂದುಕೊಂಡರೂ 1.2 ಕೆಜಿಗಿಂತ ಹೆಚ್ಚು ಹೋಗಲು ದಾರಿಯಿಲ್ಲ. ಆದರೆ ದೇಹ ಮೊದಲು ಕೈ ಹಾಕುವುದು ಗ್ಲೈಕೋಜನ್‌ಗೆ. ಲಿವರ್‌ನಲ್ಲಿ 100 ಗ್ರಾಂ, ಸ್ನಾಯುಗಳಲ್ಲಿ 300-400 ಗ್ರಾಂ ಕೂಡಿಟ್ಟ ಸಕ್ಕರೆ ಅದು. ಪ್ರತಿ ಗ್ರಾಂ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದಿರುತ್ತದೆ. 400 ಗ್ರಾಂ ಗ್ಲೈಕೋಜನ್ ಖಾಲಿಯಾದರೆ 1200 ಗ್ರಾಂ ನೀರೂ ಮೂತ್ರದಲ್ಲಿ ಹೊರಟುಹೋಗುತ್ತದೆ. ಅಲ್ಲಿಗೆ 1.6 ಕೆಜಿ. ಮೇಲಾಗಿ ಆ 400 ಗ್ರಾಂ 1600 ಕ್ಯಾಲೊರಿ ಕೊಟ್ಟಿರುವುದರಿಂದ ಕೊಬ್ಬಿನ ಪಾಲು ಇನ್ನೂ ಕಡಿಮೆಯಾಗುತ್ತದೆ. ನಿಜವಾಗಿ ಕರಗಿದ ಕೊಬ್ಬು 800-900 ಗ್ರಾಂ ಇದ್ದರೆ ಹೆಚ್ಚು. ಮಿಕ್ಕಿದ್ದು ಉಪ್ಪಿನ ಜೊತೆ ಹೋದ ನೀರು, ಖಾಲಿಯಾದ ಕರುಳು ಮತ್ತು ಒಂದಿಷ್ಟು ಸ್ನಾಯು.

ಇದೇ ಹೆಂಗಸು ಅದೇ ವಾರ 1300 ಕ್ಯಾಲೊರಿ ತಿಂದಿದ್ದರೆ ಕೊರತೆ 4200, ಕೊಬ್ಬು ಅರ್ಧ ಕೆಜಿ. ಹೊಟ್ಟೆ ಸುಟ್ಟುಕೊಂಡು ಗಳಿಸಿದ ಹೆಚ್ಚಿನ ಲಾಭ 300-400 ಗ್ರಾಂ ಕೊಬ್ಬು. ಇದು ನೆನಪಿರಲಿ.

ಸ್ನಾಯುವಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮೋಸ ಆಗುವುದು ಇಲ್ಲೇ. ಮಿದುಳಿಗೆ ದಿನಕ್ಕೆ 110-120 ಗ್ರಾಂ ಗ್ಲೂಕೋಸ್ ಬೇಕು. ಗ್ಲೈಕೋಜನ್ ಮುಗಿದ ಮೇಲೆ, ಕೀಟೋನ್ (ಕೊಬ್ಬು ಒಡೆದಾಗ ಲಿವರ್ ಮಾಡುವ ಇಂಧನ) ಬಳಸುವುದಕ್ಕೆ ಮಿದುಳು ಪೂರ್ತಿ ಒಗ್ಗುವ ತನಕ, ದೇಹ ಆ ಗ್ಲೂಕೋಸನ್ನು ಬಹುಪಾಲು ಪ್ರೋಟೀನ್ ಒಡೆದು ಮಾಡಿಕೊಳ್ಳುತ್ತದೆ. ಊಟದಲ್ಲಿ ಪ್ರೋಟೀನ್ ಇಲ್ಲದಿದ್ದರೆ ಸ್ನಾಯುವಿನಿಂದ ತೆಗೆಯುತ್ತದೆ. ಒಂದು ಕೆಜಿ ಸ್ನಾಯುವಿನಲ್ಲಿ ಪ್ರೋಟೀನ್ ಇರುವುದು 200 ಗ್ರಾಂ ಆಸುಪಾಸು, ಉಳಿದದ್ದು ಬಹುತೇಕ ನೀರು. ಹಾಗಾಗಿ ಒಂದು ಕೆಜಿ ಸ್ನಾಯು ಕಳೆದರೆ ಸಿಗುವ ಶಕ್ತಿ ಒಂದು ಸಾವಿರ ಕ್ಯಾಲೊರಿಯ ಒಳಗೆ. ಅಷ್ಟೇ ಕೊರತೆಗೆ ಕೊಬ್ಬು 130 ಗ್ರಾಂ ಇಳಿದರೆ ಸ್ನಾಯು ಒಂದು ಕೆಜಿ ಇಳಿಯುತ್ತದೆ. ಕೆಟ್ಟ ಡಯಟ್ ಮಾಡಿದಾಗಲೇ ಮಷಿನ್ ಹೆಚ್ಚು ಖುಷಿ ಕೊಡುವುದು ಇದಕ್ಕೇ. ಸೌತೆಕಾಯಿ, ಪಪ್ಪಾಯಿ, ಮಜ್ಜಿಗೆಯಲ್ಲಿ ದಿನಕ್ಕೆ 10 ಗ್ರಾಂ ಪ್ರೋಟೀನ್ ಕೂಡ ಕಷ್ಟ.

ಇನ್ನು ನಮ್ಮ ಬಿಸಿಲು. ಊಟ ಕಡಿಮೆಯಾದಾಗ ಇನ್ಸುಲಿನ್ ಇಳಿಯುತ್ತದೆ, ಇನ್ಸುಲಿನ್ ಇಳಿದರೆ ಕಿಡ್ನಿ ಉಪ್ಪನ್ನು ಹಿಡಿದಿಟ್ಟುಕೊಳ್ಳದೆ ಹೊರಗೆ ಬಿಡುತ್ತದೆ. ಊಟದ ಜೊತೆ ಒಳಗೆ ಬರುತ್ತಿದ್ದ ಉಪ್ಪು, ನೀರು ಎರಡೂ ನಿಂತಿರುತ್ತವೆ. ಮೇಲೆ ಬೆವರು. ಎರಡನೇ ಮೂರನೇ ದಿನಕ್ಕೆ ತಲೆನೋವು, ಎದ್ದು ನಿಂತಾಗ ಕಣ್ಣು ಕತ್ತಲೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಬರುವುದು ಹೀಗೆ. "ವಿಷ ಹೊರಗೆ ಹೋಗುತ್ತಿದೆ, ಅದಕ್ಕೇ ಹಾಗೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೋಗುತ್ತಿರುವುದು ಸೋಡಿಯಂ. ಬರೀ ನೀರು ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ಇನ್ನೂ ಕಡಿಮೆಯಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆ ಹೊರಗೆ ದುಡಿಯುವವರು ಈ ಪ್ರಯೋಗಕ್ಕೆ ಕೈಹಾಕುವುದು ನಿಜಕ್ಕೂ ಅಪಾಯ.

ಈಗ ಎಂಟನೆಯ ದಿನ. ಮದುವೆ ಊಟವೋ, ಮನೆಯಲ್ಲೇ ಎರಡು ರೊಟ್ಟಿ, ಅನ್ನ ಸಾರೋ ಒಳಗೆ ಬೀಳುತ್ತದೆ. ಗ್ಲೈಕೋಜನ್ ಮತ್ತೆ ತುಂಬುತ್ತದೆ, ತನ್ನ ನೀರನ್ನು ಮತ್ತೆ ಹಿಡಿಯುತ್ತದೆ. ಇನ್ಸುಲಿನ್ ಏರಿದ್ದರಿಂದ ಕಿಡ್ನಿ ಉಪ್ಪನ್ನು ಬಿಗಿಯಾಗಿ ಹಿಡಿಯುತ್ತದೆ. ಎರಡು ಮೂರು ದಿನದಲ್ಲಿ ಒಂದೂವರೆ, ಎರಡು ಕೆಜಿ ವಾಪಸ್. ಕೆಲವರಿಗೆ ಕಾಲು ಊದಿಕೊಳ್ಳುತ್ತದೆ. ಇದರಲ್ಲಿ ಕೊಬ್ಬು ಒಂದು ಚೂರೂ ಇಲ್ಲ, ಆದರೆ ಮಷಿನ್ ಮೇಲೆ ನಿಂತವರಿಗೆ ಅದು ಗೊತ್ತಿರುವುದಿಲ್ಲ. ಏಳು ದಿನದ ತಪಸ್ಸು ಎರಡು ದಿನದಲ್ಲಿ ನೀರುಪಾಲಾಯಿತು, ನನ್ನ ಮೈಯೇ ಇಷ್ಟು ಎಂದು ಕೈಚೆಲ್ಲುತ್ತಾರೆ. "ಆಮ್ಯಾಲೆ ಸಾವಕಾಶ" ಮಾಡಬೇಕಿದ್ದ ಭಾಗ ಶುರುವಾಗುವುದೇ ಇಲ್ಲ. ಒಂದು ವಾರದ ಡಯಟ್ ಮಾಡುವ ದೊಡ್ಡ ಹಾನಿ ಇದೇ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹಸಿವಿನ ಸೇಡೂ ಇರುತ್ತದೆ. ಸಂಜೆ ಅಂಗಡಿಯ ಒಗ್ಗರಣಿ-ಮಿರ್ಚಿಯ ಒಂದು ಪ್ಲೇಟ್ ಬಿಡಿಸಿ ನೋಡಿ. ಮಂಡಾಳು 50 ಗ್ರಾಂ, ಸುಮಾರು 180 ಕ್ಯಾಲೊರಿ. ಒಗ್ಗರಣೆಗೆ 20 ಗ್ರಾಂ ಎಣ್ಣೆ, 180. ಶೇಂಗಾ, ಪುಟಾಣಿ ಹಿಟ್ಟು ಸೇರಿ 120. ನಾಲ್ಕು ಮಿರ್ಚಿಗೆ 40 ಗ್ರಾಂ ಕಡಲೆಹಿಟ್ಟು, ಹೀರಿದ ಎಣ್ಣೆ 20 ಗ್ರಾಂ, ಎರಡೂ ಕೂಡಿ 330. ಒಟ್ಟು 800ರ ಹತ್ತಿರ. ಇಂಥ ಮೂರು ಪ್ಲೇಟ್ ಆದರೆ ಮೇಲೆ ಹೇಳಿದ ಹೆಚ್ಚುವರಿ 300 ಗ್ರಾಂ ಕೊಬ್ಬು ಲೆಕ್ಕಕ್ಕೆ ಲೆಕ್ಕ ಆಯಿತು.

ಹಾಗಾದರೆ ಬೇಗ ಇಳಿಸುವುದೇ ತಪ್ಪೇ? ಇಲ್ಲ, ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಬೇಗ ಇಳಿಸಿದರೆ ಬೇಗ ಬರುತ್ತದೆ ಎಂಬ ಮಾತಿಗೆ ಪುರಾವೆ ಗಟ್ಟಿಯಿಲ್ಲ. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಪ್ರಯೋಗದಲ್ಲಿ 200 ಜನರಲ್ಲಿ ಅರ್ಧ ಜನರಿಗೆ 12 ವಾರ ದಿನಕ್ಕೆ 450-800 ಕ್ಯಾಲೊರಿ, ಉಳಿದವರಿಗೆ 36 ವಾರ ನಿಧಾನದ ಡಯಟ್. ಶೇ 12.5ರಷ್ಟು ತೂಕ ಇಳಿಸುವ ಗುರಿ ಮುಟ್ಟಿದವರು ಬೇಗದ ಗುಂಪಿನಲ್ಲಿ ಶೇ 81, ನಿಧಾನದವರಲ್ಲಿ ಶೇ 50. ಮೂರು ವರ್ಷದ ನಂತರ ಎರಡೂ ಗುಂಪಿಗೆ ಇಳಿದದ್ದರಲ್ಲಿ ಶೇ 70ರಷ್ಟು ವಾಪಸ್ ಬಂದಿತ್ತು. 2017ರಲ್ಲಿ ಬ್ರಿಟನ್‌ನ ಡೈರೆಕ್ಟ್ ಎಂಬ ಪ್ರಯೋಗ, ಸಕ್ಕರೆ ಕಾಯಿಲೆ ಬಂದು ಆರು ವರ್ಷದೊಳಗಿನವರಿಗೆ 3ರಿಂದ 5 ತಿಂಗಳು ದಿನಕ್ಕೆ 825-853 ಕ್ಯಾಲೊರಿ ಕೊಟ್ಟು, ವರ್ಷದ ಕೊನೆಗೆ ಶೇ 46 ಜನ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಯಲ್ಲಿಟ್ಟದ್ದನ್ನು ತೋರಿಸಿತು. ಇವು ಸಣ್ಣ ಸಾಧನೆಗಳಲ್ಲ. ಆದರೆ ಅವರು ತಿಂದದ್ದು ಪ್ರೋಟೀನ್, ವಿಟಮಿನ್, ಖನಿಜ ಎಲ್ಲ ಅಳೆದು ಹಾಕಿದ ಪುಡಿ ಆಹಾರ, ತಿಂಗಳುಗಟ್ಟಲೆ. ಡೈರೆಕ್ಟ್‌ನಲ್ಲಿ ಸಕ್ಕರೆ ಮತ್ತು ಬಿಪಿ ಮಾತ್ರೆಗಳನ್ನು ಮೊದಲ ದಿನವೇ ವೈದ್ಯರು ನಿಲ್ಲಿಸಿದ್ದರು, ಮಾಮೂಲಿ ಊಟಕ್ಕೆ ಮರಳುವುದಕ್ಕೂ ವಾರಗಟ್ಟಲೆ ಸಮಯ ಇಟ್ಟಿದ್ದರು. ನಿಂಬೆನೀರಿನ ಒಂದು ವಾರಕ್ಕೆ ಆ ಪ್ರಯೋಗಗಳ ಹೆಸರು ಹೇಳುವುದು ಸರಿಯಲ್ಲ.

ಮಾತ್ರೆಗಳ ವಿಷಯವಂತೂ ದಯವಿಟ್ಟು ಗಮನ ಕೊಟ್ಟು ಓದಿ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಊಟ ಬಿಟ್ಟು ಔಷಧ ಮುಂದುವರಿಸಿದರೆ ಸಕ್ಕರೆ ದಿಢೀರ್ ಇಳಿದು ಪ್ರಜ್ಞೆ ತಪ್ಪಬಹುದು. ಅದೇ ಕಾಯಿಲೆಗೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತಗೊಳ್ಳುವವರಿಗೆ ಬೇರೆ ಗಂಡಾಂತರ. ರಕ್ತದಲ್ಲಿ ಸಕ್ಕರೆ ಸಾಧಾರಣವಾಗಿಯೇ ಕಾಣುತ್ತಿರುವಾಗ ಕೀಟೋನ್ ಆಮ್ಲ ಏರಿ ವಾಂತಿ, ಹೊಟ್ಟೆನೋವು, ಏದುಸಿರು ಬರಬಹುದು. ಗ್ಲೂಕೋಮೀಟರ್ ನೋಡಿ ಸಮಾಧಾನಪಟ್ಟುಕೊಳ್ಳುವಂತಿಲ್ಲ, ಆಸ್ಪತ್ರೆಗೇ ಹೋಗಬೇಕು. ಬಿಪಿಗೆ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ನುಂಗುವವರು, ಕಿಡ್ನಿ ಅಥವಾ ಹೃದಯದ ತೊಂದರೆ, ಗೌಟ್ (ಯೂರಿಕ್ ಆಮ್ಲದ ಕೀಲುನೋವು), ಪಿತ್ತಕೋಶದ ಕಲ್ಲು ಇರುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, 18 ತುಂಬದ ಮಕ್ಕಳು ತಾವಾಗಿಯೇ ಇದನ್ನು ಮಾಡಲೇಬಾರದು.

ಮತ್ತೆ ಮತ್ತೆ ಮಾಡುವವರಿಗೆ ಇನ್ನೆರಡು ತೊಂದರೆ. ಕೊಬ್ಬಿಲ್ಲದ ಊಟದಿಂದ ಪಿತ್ತಕೋಶ ಹಿಂಡಿಕೊಳ್ಳದೆ ಪಿತ್ತ ನಿಂತು ಕಲ್ಲು ಕಟ್ಟಬಹುದು. ವಾರಕ್ಕೆ ಒಂದೂವರೆ ಕೆಜಿಗಿಂತ ಬೇಗ ಇಳಿಯುತ್ತಲೇ ಹೋದರೆ ಈ ಅಪಾಯ ಹೆಚ್ಚು. ಎರಡನೆಯದು ಕೂದಲು. ಉದುರುವುದು ಡಯಟ್ ಮಾಡಿದ ವಾರವಲ್ಲ, ಎರಡು ಮೂರು ತಿಂಗಳು ಕಳೆದ ಮೇಲೆ. ಅಷ್ಟರಲ್ಲಿ ಡಯಟ್ ಮರೆತೇಹೋಗಿರುತ್ತದೆ, ದೂರು ಹೋಗುವುದು ಬೋರ್‌ವೆಲ್ ನೀರಿಗೆ.

ಜೋರಾದ ಶುರು ಬೇಕು ಎನ್ನುವ ಆಸೆ ತಪ್ಪಲ್ಲ. ಮೊದಲ ವಾರದಲ್ಲೇ ಮುಳ್ಳು ಇಳಿದದ್ದು ಕಂಡರೆ ಹುರುಪು ಬರುತ್ತದೆ. ಅದಕ್ಕೆ 1250 ಕ್ಯಾಲೊರಿ, 65 ಗ್ರಾಂ ಪ್ರೋಟೀನ್ ಸಾಕು, ನಮ್ಮ ಅಡುಗೆಮನೆಯಲ್ಲೇ ಆಗುತ್ತದೆ. ಬೆಳಿಗ್ಗೆ ಬೇಯಿಸಿದ ಎರಡು ತತ್ತಿ, ಸಕ್ಕರೆಯಿಲ್ಲದ 200 ಮಿಲಿ ಹಾಲು. ತತ್ತಿ ತಿನ್ನದವರು 50 ಗ್ರಾಂ ಹೆಸರುಕಾಳು ನೆನೆಸಿ ಮೊಳಕೆ ಬರಿಸಿಕೊಳ್ಳಿ. ಮಧ್ಯಾಹ್ನ 60 ಗ್ರಾಂ ಹಿಟ್ಟಿನ ಒಂದು ಬಿಳಿಜೋಳದ ರೊಟ್ಟಿ, 30 ಗ್ರಾಂ ಮಡಕಿಕಾಳಿನ ಪಲ್ಯ, ಬೇಕಾದಷ್ಟು ಪುಂಡಿಪಲ್ಯ ಅಥವಾ ಮೆಂತೆಸೊಪ್ಪು, 200 ಗ್ರಾಂ ಮೊಸರು, ಎಲ್ಲಕ್ಕೂ ಸೇರಿ ಎರಡು ಟೀ ಚಮಚ ಎಣ್ಣೆ. ಸಂಜೆ 20 ಗ್ರಾಂ ಪುಟಾಣಿ, ಉಪ್ಪು ಹಾಕಿದ ನೀರುಮಜ್ಜಿಗೆ. ರಾತ್ರಿ ಅಂಥದ್ದೇ ಒಂದು ರೊಟ್ಟಿ, 30 ಗ್ರಾಂ ಸೋಯಾ ಚಂಕ್ಸ್ ಹಾಕಿದ ಬದನೆಕಾಯಿ ಪಲ್ಯ, ಒಂದು ಚಮಚ ಎಣ್ಣೆ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ. 75-80 ಕೆಜಿ ದಾಟಿದ ಗಂಡಸರು ಮಧ್ಯಾಹ್ನ ಇನ್ನೊಂದು ರೊಟ್ಟಿ, ಒಂದು ಹಿಡಿ ಕಾಳು ಸೇರಿಸಿಕೊಳ್ಳಲಿ.

ಇಲ್ಲಿ ಎಡವುವುದು ಎರಡೇ ಜಾಗದಲ್ಲಿ. ಒಂದು, ಎಣ್ಣೆಗಾಯಿ. ಹೆಸರಲ್ಲೇ ಎಣ್ಣೆ, ಒಳಗೆ ಶೇಂಗಾ, ಎಳ್ಳು. ಎಣ್ಣೆಯನ್ನು ಕಣ್ಣಳತೆಯಲ್ಲಿ ಸುರಿಯದೆ ಚಮಚದಲ್ಲೇ ಹಾಕಿ, ಒಂದು ಟೀ ಚಮಚಕ್ಕೆ 40 ಕ್ಯಾಲೊರಿ. ಇನ್ನೊಂದು, ಶೇಂಗಾ ಹಿಂಡಿ. ರೊಟ್ಟಿ ಜೊತೆ ಮೂರು ದೊಡ್ಡ ಚಮಚ ಹೋದರೂ ತಿಳಿಯುವುದಿಲ್ಲ. 30 ಗ್ರಾಂ ಹಿಂಡಿಯೆಂದರೆ 150 ಕ್ಯಾಲೊರಿ ಮೇಲೆ. ರೊಟ್ಟಿ ಹಿಟ್ಟನ್ನು ಒಂದು ವಾರ ಅಡುಗೆ ತಕ್ಕಡಿಯಲ್ಲಿ ತೂಗಿ ನೋಡಿ. ಅಗಲ ರೊಟ್ಟಿ ತಟ್ಟುವ ಕೈಗಳಲ್ಲಿ 60 ಗ್ರಾಂ ಎಂದುಕೊಂಡದ್ದು 90 ಆಗಿರುತ್ತದೆ.

ತೂಕ ನೋಡುವುದು ಬೆಳಿಗ್ಗೆ, ಸಂಡಾಸಿಗೆ ಹೋಗಿಬಂದು, ಏನೂ ಕುಡಿಯುವ ಮೊದಲು. ಏಳು ದಿನದ ಅಂಕಿ ಕೂಡಿಸಿ ಏಳರಿಂದ ಭಾಗಿಸಿ, ಈ ವಾರದ ಸರಾಸರಿಯನ್ನು ಮುಂದಿನ ವಾರದ ಸರಾಸರಿ ಜೊತೆ ಮಾತ್ರ ಹೋಲಿಸಿ. ಉಪ್ಪಿನಕಾಯಿ ತಿಂದ ಮರುದಿನ, ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದು ಕೆಜಿ ಏರುವುದು ಸಹಜ. ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಸೊಂಟದ ಸುತ್ತಳತೆ ಬರೆದಿಡಿ. ನಮ್ಮಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ.

ಈಗಾಗಲೇ ಅರೆಹೊಟ್ಟೆ ಡಯಟ್‌ನ ಐದನೆಯದೋ ಆರನೆಯದೋ ದಿನದಲ್ಲಿ ಇದ್ದೀರಿ ಎಂದರೆ, ಒಮ್ಮೆಲೇ ಹಬ್ಬದೂಟಕ್ಕೆ ಕೂರಬೇಡಿ. ಮೊದಲ ದಿನ 800, ಮರುದಿನ 1000, ಮೂರನೆಯ ದಿನ 1250 ಕ್ಯಾಲೊರಿಗೆ ಬನ್ನಿ. ಮೊದಲು ತತ್ತಿ, ಮೊಸರು, ಬೇಳೆ, ಆಮೇಲೆ ರೊಟ್ಟಿ, ಸಿಹಿ ಕೊನೆಗೆ. ನಾಲ್ಕೈದು ದಿನ ಮಷಿನ್ ಹತ್ತಬೇಡಿ, ಒಂದೂವರೆ ಕೆಜಿ ನೀರು ಬಂದೇ ಬರುತ್ತದೆ. ತುಂಬಾ ದಿನ ಏನೂ ತಿನ್ನದೆ ಇದ್ದವರಿಗೆ ಮತ್ತೆ ತಿನ್ನಲು ಶುರುಮಾಡಿದಾಗ ರಕ್ತದ ಫಾಸ್ಫೇಟ್, ಪೊಟ್ಯಾಶಿಯಂ ಹಠಾತ್ತನೆ ಕುಸಿಯುವುದುಂಟು. ಎದೆ ಡವಗುಟ್ಟಿದರೆ, ಕೈಕಾಲಲ್ಲಿ ಶಕ್ತಿಯೇ ಇಲ್ಲವೆನಿಸಿದರೆ, ಉಸಿರು ಕಟ್ಟಿದರೆ, ಮಾತು ತಡವರಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಎಷ್ಟು ದಿನದಿಂದ ಊಟ ಬಿಟ್ಟಿದ್ದೀರಿ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ, ಫಾಸ್ಫೇಟ್, ಪೊಟ್ಯಾಶಿಯಂ ಎರಡೂ ಪರೀಕ್ಷೆ ಮಾಡಿಸಿ.